ಪಟ್ಟಿ ಪೈಲ್ವಾನನ ಎಂಟನೆಯ ಗೆಲುವು

ಆ ಹದಿನೈದು ದಿನ ನಾನು ಒಬ್ಬ ಒಳ್ಳೆಯ ಮನುಷ್ಯ ಸೋಲಲಿ ಎಂದು ದೇವರಿಗೆ ಕೈಮುಗಿದೆ. ಅವನು ಜಪಾನಿನ ಸುಮೋ ಪೈಲ್ವಾನ. ಅವನ ಭಾಷೆ ನನಗೆ ಬಾರದು, ನಾನೊಬ್ಬಳು ಇದ್ದೇನೆ ಎಂಬುದೇ ಅವನಿಗೆ ಗೊತ್ತಿಲ್ಲ. ಆದರೆ ಅವನು ಸೋತರೆ ನಮ್ಮಪ್ಪನ ಮಂಡಿಗೆ ಆಪರೇಷನ್ ಆಗುತ್ತಿತ್ತು, ಗೆದ್ದರೆ ಇಲ್ಲ.

ಅಪ್ಪ ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪಿನ ವ್ಯಾಪಾರಿ. ಬೆಳಗಿನ ಜಾವ ಹೋದರೆ ಹನ್ನೆರಡರ ಹೊತ್ತಿಗೆ ಚಾಮರಾಜಪೇಟೆಯ ಮನೆಗೆ ವಾಪಸು. ಹರೆಯದಲ್ಲಿ ಇಲ್ಲೇ ಎರಡು ಬೀದಿ ಆಚೆಯ ಗರಡಿಯಲ್ಲಿ ಕುಸ್ತಿ ಮಾಡಿದವನು. ಆ ಹೆಮ್ಮೆ ಇನ್ನೂ ಇಳಿದಿಲ್ಲ. ಹೊರುವುದಕ್ಕೆ ಹಮಾಲಿಗಳಿದ್ದರೂ ತನ್ನ ಸೊಪ್ಪಿನ ಮೂಟೆಯನ್ನು ತಾನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಹೀಗೆ ಹೊತ್ತು ಹೊತ್ತು ಬಲಮಂಡಿ ಸವೆದುಹೋಯಿತು. ಈಗ ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆ, ಇನ್ನೂ ತಡಮಾಡಿದರೆ ಕೋಲು ಹಿಡಿದರೂ ನಡೆಯುವುದು ಕಷ್ಟ ಎಂದು ಡಾಕ್ಟರು ನನ್ನ ಮುಂದೆಯೇ ಹೇಳಿದ್ದರು. ಅಪ್ಪ ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ, ಆ ಡಾಕ್ಟರು ಚಿಕ್ಕ ವಯಸ್ಸಿನವರು, ಅವರಿಗೇನು ಗೊತ್ತು ಎಂದುಬಿಟ್ಟ.

ಸುಮೋ ನಮ್ಮ ಮನೆಗೆ ಬಂದದ್ದೂ ಆ ಮಂಡಿಯಿಂದಲೇ. ಒಮ್ಮೆ ಅದು ಕುಂಬಳಕಾಯಿಯ ಹಾಗೆ ಊದಿಕೊಂಡು ಅಪ್ಪ ಹತ್ತು ದಿನ ಮನೆಯಲ್ಲಿ ಬಿದ್ದುಕೊಂಡಿದ್ದ. ನಾನು ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುವವಳು. ಹೊಲಿಗೆ ಮಷೀನಿನ ಸದ್ದಿಗೆ ಅವನು ಬೈಯುವುದು, ಅವನ ಬೈಗುಳಕ್ಕೆ ನನ್ನ ಸೂಜಿ ಮುರಿಯುವುದು. ಕಾಟ ತಡೆಯಲಾರದೆ ಫೋನಿನಲ್ಲಿ ಏನೋ ಹುಡುಕಿ ಟೀವಿಗೆ ಜೋಡಿಸಿ ಕೊಟ್ಟೆ. ಇಬ್ಬರು ಭಾರಿ ಗಂಡಸರು ಮಣ್ಣಿನ ಕಟ್ಟೆಯ ಮೇಲೆ ನಿಂತು ಉಪ್ಪು ಎರಚುತ್ತಿದ್ದರು. ಇದು ಕುಸ್ತಿಯಲ್ಲ, ಬಸ್ ಹತ್ತುವ ನೂಕಾಟ ಎಂದು ಅಪ್ಪ ಮೂಗು ಮುರಿದ. ಮೂರನೇ ದಿನ ನಾನು ಊಟಕ್ಕೆ ಕರೆದರೆ ಏಳಲಿಲ್ಲ.

ಅಲ್ಲಿ ಸಂಜೆಯಾದಾಗ ನಮಗೆ ಮಧ್ಯಾಹ್ನ. ಅಪ್ಪ ಮಾರ್ಕೆಟ್ಟಿನಿಂದ ಬಂದು, ಸ್ನಾನ ಮಾಡಿ, ಮುದ್ದೆ ತಟ್ಟೆ ಹಿಡಿದು ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಸರಿಯಾಗಿ ದೊಡ್ಡ ಪೈಲ್ವಾನರು ಕಣಕ್ಕಿಳಿಯುತ್ತಿದ್ದರು. ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ಹಾಗಾಗಿ ನಿಯಮ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಪಂದ್ಯಾವಳಿ ಹದಿನೈದು ದಿನ, ದಿನಕ್ಕೆ ಒಂದೇ ಕುಸ್ತಿ. ಎಂಟು ಗೆದ್ದರೆ ಸ್ಥಾನ ಉಳಿಯುತ್ತದೆ, ಎಂಟು ಸೋತರೆ ಕೆಳಗಿಳಿಯಬೇಕು. ಕಟ್ಟೆಯ ಮೇಲಿನ ದುಂಡು ಗೆರೆಯಿಂದ ಹೊರಗೆ ಕಾಲಿಟ್ಟರೆ ಸೋಲು. ಪಾದ ಬಿಟ್ಟು ಮೈಯ ಯಾವ ಭಾಗ ನೆಲಕ್ಕೆ ತಾಗಿದರೂ ಸೋಲು. ಇದನ್ನು ಮಾತ್ರ ಅಪ್ಪ ಒಪ್ಪಲಿಲ್ಲ. ಬೆನ್ನು ಮಣ್ಣಿಗೆ ಹತ್ತದೆ ಪೈಲ್ವಾನ ಹೇಗೆ ಸೋತ ಎಂದು ದಿನಾ ನನ್ನ ಜೊತೆ ಜಗಳ, ಆ ನಿಯಮವನ್ನು ನಾನೇ ಬರೆದಿದ್ದೇನೋ ಎಂಬಂತೆ.

ಗರಡಿಯ ಮಣ್ಣಿಗೆ ಅಪ್ಪ ಮಟ್ಟಿ ಎನ್ನುತ್ತಾನೆ. ಅವನ ಗರಡಿಯಲ್ಲಿ ಗೆದ್ದವನು ಬಗ್ಗಿ ಮಟ್ಟಿ ಮುಟ್ಟಿ ಹಣೆಗೆ ಹಚ್ಚಿಕೊಳ್ಳುವ ತನಕ ಉಸ್ತಾದರು ಅವನ ಕೈ ಎತ್ತುತ್ತಿರಲಿಲ್ಲವಂತೆ. ಸುಮೋದಲ್ಲೂ ಗೆದ್ದವನು ಕುಕ್ಕರುಗಾಲಿನಲ್ಲಿ ಕೂತು ತಲೆಬಾಗಬೇಕು, ಆಮೇಲೆ ರೆಫರಿ ಬೀಸಣಿಗೆ ಚಾಚಿ ಗೆಲುವು ಕೊಡುತ್ತಾನೆ. ಅದನ್ನು ಮೊದಲ ಸಲ ನೋಡಿದಾಗ ಅಪ್ಪ ತಟ್ಟೆ ಪಕ್ಕಕ್ಕಿಟ್ಟು, ಪರವಾಗಿಲ್ಲ, ಇವರಿಗೂ ಗುರುಗಳಿದ್ದಾರೆ ಎಂದ.

ಅವನಿಗೆ ಹಿಡಿಸಿದವನು ಒಬ್ಬ ಹಳಬ. ಎರಡೂ ಮಂಡಿಗೆ ದಪ್ಪ ಬಿಳಿ ಪಟ್ಟಿ ಸುತ್ತಿಕೊಂಡು ಬರುತ್ತಿದ್ದ. ಒಂದು ಕಾಲಕ್ಕೆ ಮೇಲಿನ ಸ್ಥಾನದಲ್ಲಿದ್ದವನು ಈಗ ದೊಡ್ಡವರ ಸಾಲಿನ ಕೊಟ್ಟಕೊನೆಯಲ್ಲಿದ್ದ. ಅಪ್ಪ ಅವನಿಗೆ ಪಟ್ಟಿ ಪೈಲ್ವಾನ ಎಂದು ಹೆಸರಿಟ್ಟ. ಅಮ್ಮನಿಗೆ ಮಾತ್ರ ಬೇರೊಬ್ಬ ಬೆಳ್ಳನೆಯ ಯುವಕ ಇಷ್ಟ, ಅವಳಿಗೆ ಅವನು ಬೆಣ್ಣೆ. ಆ ಬೆಣ್ಣೆ ಪ್ರತಿ ಪಂದ್ಯಾವಳಿಯಲ್ಲೂ ಗೆಲ್ಲುತ್ತಲೇ ಇದ್ದ. ಅವನ ಬಗ್ಗೆ ನಮಗೆ ಚಿಂತೆ ಇರಲಿಲ್ಲ.

ಹೊಸ ಪಂದ್ಯಾವಳಿ ಶುರುವಾಗುವ ಹಿಂದಿನ ದಿನ ನಾನು ಮತ್ತೆ ಆಪರೇಷನ್ ಮಾತೆತ್ತಿದೆ. ಅಪ್ಪ ಟೀವಿಯ ಕಡೆ ಕೈ ತೋರಿಸಿದ.

"ನೋಡು, ಆ ಪಟ್ಟಿ ಪೈಲ್ವಾನಂಗೂ ಮಂಡಿ ಇಲ್ಲ, ನಂಗೂ ಇಲ್ಲ. ಈ ಸಲ ಅವ್ನು ಎಂಟು ಗೆದ್ರೆ ನಾನು ಸಾಯೋ ತಂಕ ನೀನು ಈ ಮಾತು ಎತ್ತಬಾರ್ದು. ಗೆಲ್ಲಲಿಲ್ಲ ಅಂದ್ರೆ ನೀನು ಹೇಳಿದ ಡಾಕ್ಟ್ರ ಹತ್ರ ಬಾಯಿ ಮುಚ್ಕೊಂಡು ಬರ್ತೀನಿ."

ನಾನು ಒಪ್ಪಿಕೊಂಡೆ. ನಮ್ಮಪ್ಪನಿಗೆ ಸಾವಿರ ಕೆಟ್ಟ ಗುಣಗಳಿವೆ, ಕೊಟ್ಟ ಮಾತು ತಪ್ಪುವುದು ಮಾತ್ರ ಅವುಗಳಲ್ಲಿಲ್ಲ. ಮೇಲಾಗಿ ಆ ಮುದಿ ಪೈಲ್ವಾನ ಎಂಟು ಗೆಲ್ಲುವುದು ಆಗದ ಹೋಗದ ಮಾತು ಎಂದು ನನಗೆ ಖಾತ್ರಿಯಿತ್ತು.

ಮೊದಲ ಮೂರು ದಿನ ಅವನು ಸೋತ. ನಾನು ಗುನುಗುತ್ತಾ ಹುಕ್ಕು ಹಾಕಿದೆ. ನಾಲ್ಕನೇ ದಿನ ಎದುರಾಳಿ ಗೂಳಿಯ ಹಾಗೆ ನುಗ್ಗಿದಾಗ ಪಕ್ಕಕ್ಕೆ ಸರಿದ, ಎದುರಾಳಿ ಮುಗ್ಗರಿಸಿ ಬಿದ್ದ. ಹೀಗೆ ತಪ್ಪಿಸಿಕೊಂಡರೆ ಗೆಲುವಾ ಎಂದು ಅಪ್ಪ ಕೇಳಿದ. ನನಗೆ ಎಲ್ಲಿಂದ ಬಂತೋ ಆ ದುರ್ಬುದ್ಧಿ. ಇಲ್ಲ ಅಪ್ಪ, ಇದು ಲೆಕ್ಕಕ್ಕಿಲ್ಲವಂತೆ ಎಂದುಬಿಟ್ಟೆ. ಮರುದಿನ ಕುಸ್ತಿಗೆ ಮುಂಚೆ ತೆರೆಯ ಮೇಲೆ ಅವನ ಹೆಸರಿನ ಪಕ್ಕ ಒಂದು ಗೆಲುವು, ಮೂರು ಸೋಲು ಎಂದು ಅಂಕಿ ಬಂತು. ಅಪ್ಪನಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಅವನು ಬೈಯಲಿಲ್ಲ. ನನ್ನ ಮುಖ ನೋಡಿ, ಮತ್ತೆ ಟೀವಿ ನೋಡಿದ, ಅವತ್ತೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅವತ್ತೂ ಪಟ್ಟಿ ಪೈಲ್ವಾನ ಸೋತ. ಆಮೇಲೆ ಅವನಿಗೇನಾಯಿತೋ, ಸಾಲಾಗಿ ನಾಲ್ಕು ದಿನ ಗೆದ್ದ. ನನ್ನ ಗುನುಗು ನಿಂತಿತು. ಕೆಟ್ಟದ್ದೇನೆಂದರೆ, ಅವನನ್ನು ನೋಡಿ ನೋಡಿ ನನಗೂ ಅವನ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ಸೋತವನ ಕೈ ಹಿಡಿದು ಕಟ್ಟೆಯ ಮೇಲಕ್ಕೆ ಎಳೆದುಕೊಳ್ಳುತ್ತಿದ್ದ. ತಾನು ಸೋತರೂ ಮುಖ ಹಿಂಡುತ್ತಿರಲಿಲ್ಲ. ಇಂಥವನು ಬೀಳಲಿ ಎಂದು ದೇವರ ಮುಂದೆ ಬತ್ತಿ ಹಚ್ಚುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. ಅದೇ ಹೊತ್ತಿಗೆ ಬಚ್ಚಲಿನ ಎರಡು ಮೆಟ್ಟಿಲಿಳಿಯಲು ಅಪ್ಪ ಗೋಡೆ ಹಿಡಿದು ಹಲ್ಲು ಕಚ್ಚುವುದು ಕಾಣುತ್ತಿತ್ತು. ನಾನು ಇನ್ನೊಂದು ಬತ್ತಿ ಹಚ್ಚುತ್ತಿದ್ದೆ.

ಹತ್ತನೇ ದಿನ ಸೋಲು, ಹನ್ನೊಂದರಂದು ಗೆಲುವು, ಆಮೇಲೆ ಎರಡು ದಿನ ಸೋಲು. ಆರು ಗೆಲುವು, ಏಳು ಸೋಲು. ಇನ್ನೊಂದು ಸೋತರೆ ಮುಗಿಯಿತು. ಹದಿನಾಲ್ಕನೇ ದಿನ ಗಿರಾಕಿಯ ಬ್ಲೌಸಿನ ಎಡತೋಳನ್ನು ಬಲಗಡೆಗೆ ಹೊಲಿದೆ. ಅವತ್ತು ಅವನು ಗೆರೆಯಂಚಿನಲ್ಲಿ ಹಿಮ್ಮಡಿಯೂರಿ ನಿಂತು, ತನಗಿಂತ ಒಂದೂವರೆ ಪಟ್ಟು ದಪ್ಪಗಿದ್ದವನನ್ನು ಸೊಂಟದ ಪಟ್ಟಿ ಹಿಡಿದು ಹೊರಗೆ ಹಾಕಿದ. ಏಳು, ಏಳು. ಅಪ್ಪ ಚಪ್ಪಾಳೆ ತಟ್ಟಲಿಲ್ಲ. ಮೆಲ್ಲಗೆ ತನ್ನ ಮಂಡಿ ನೀವಿಕೊಂಡ.

ಕೊನೆಯ ದಿನ ಭಾನುವಾರ. ಅವತ್ತು ಎಲ್ಲ ಅರ್ಧ ಗಂಟೆ ಮುಂಚೆ ಶುರುವಾಗುತ್ತದೆ ಎಂಬುದನ್ನು ನಾನು ಓದಿದ್ದೆ, ಅಪ್ಪನಿಗೆ ಹೇಳುವುದನ್ನು ಮರೆತಿದ್ದೆ. ಹನ್ನೆರಡಾಯಿತು, ಅಪ್ಪನ ಸುಳಿವಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಮಾರ್ಕೆಟ್ಟಿನ ಗಲಾಟೆಯಲ್ಲಿ ಅವನಿಗೆ ರಿಂಗ್ ಕೇಳುವುದಿಲ್ಲ. ಬೇಕೆಂದೇ ಹೇಳಲಿಲ್ಲ ಎಂದುಕೊಳ್ಳುತ್ತಾನೆ ಎಂಬ ಭಯ ಹತ್ತಿತು. ಒಮ್ಮೆ ಸುಳ್ಳು ಹೇಳಿದವಳಿಗೆ ಇಂಥ ಭಯ ತಪ್ಪಿದ್ದಲ್ಲ. ಬಾಗಿಲಿಗೂ ಟೀವಿಗೂ ಓಡಾಡಿದೆ. ಪಟ್ಟಿ ಪೈಲ್ವಾನ ಕಟ್ಟೆಯ ಪಕ್ಕದ ದಿಂಬಿನ ಮೇಲೆ ಬಂದು ಕೂತಾಗ ಬಾಗಿಲಲ್ಲಿ ಆಟೋ ನಿಂತಿತು. ನನ್ನ ಅಪ್ಪ ಮಾರ್ಕೆಟ್ಟಿನಿಂದ ಆಟೋದಲ್ಲಿ ಬಂದದ್ದನ್ನು ಅವತ್ತೇ ಮೊದಲು ನೋಡಿದ್ದು. ಏನಾಯಿತೆಂದು ಅಮ್ಮ ಕೇಳಿದಳು. ಏನಿಲ್ಲ, ಬಿಸಿಲು ಎಂದ. ಕಾಲು ತೊಳೆಯದೆ ಹಾಗೇ ಕುರ್ಚಿಗೆ ಬಂದು ಕುಸಿದ.

ಎದುರಾಳಿ ಚಿಕ್ಕ ವಯಸ್ಸಿನವನು, ಚುರುಕು. ಇಬ್ಬರೂ ಡಿಕ್ಕಿ ಹೊಡೆದು ಬಿಗಿಯಾಗಿ ಹಿಡಿದುಕೊಂಡರು. ಪಟ್ಟಿ ಪೈಲ್ವಾನ ನೂಕುತ್ತಾ ಹೋಗಿ ಅಂಚಿಗೆ ತಂದ. ಅಂಚಿನಲ್ಲಿ ಆ ಚಿಕ್ಕವನು ತಿರುವಿ ಎಸೆದ. ಇಬ್ಬರೂ ಒಟ್ಟಿಗೇ ಕಟ್ಟೆಯಿಂದ ಕೆಳಗುರುಳಿದರು. ರೆಫರಿ ಬೀಸಣಿಗೆಯನ್ನು ಚಿಕ್ಕವನ ಕಡೆ ಚಾಚಿದ.

ನಾನು ಗೆದ್ದೆ ಎಂದುಕೊಂಡೆ. ಆದರೆ ಸುತ್ತ ಕೂತಿದ್ದ ಕಪ್ಪು ನಿಲುವಂಗಿಯ ಐವರು ತೀರ್ಪುಗಾರರು ಎದ್ದು ಕಟ್ಟೆ ಹತ್ತಿ ಗುಂಪಾಗಿ ನಿಂತು ಮಾತಾಡತೊಡಗಿದರು. ಅಮ್ಮ ಸಾರಿನ ಸೌಟು ಹಿಡಿದೇ ನಿಂತಿದ್ದಳು. ಕೊನೆಗೆ ಅವರಲ್ಲಿ ಹಿರಿಯ ಮೈಕು ಹಿಡಿದ. ಇಬ್ಬರೂ ಏಕಕಾಲಕ್ಕೆ ಬಿದ್ದಿದ್ದಾರೆ, ಮತ್ತೆ ಕುಸ್ತಿಯಾಗಬೇಕು ಎಂದು ನಾನು ಅಪ್ಪನಿಗೆ ಹೇಳಿದೆ. ಈ ಸಲ ನಿಜವನ್ನೇ ಹೇಳಿದೆ.

ಎರಡನೇ ಸಲಕ್ಕೆ ಅವನು ಕಟ್ಟೆ ಹತ್ತುವಾಗಲೇ ಕುಂಟುತ್ತಿದ್ದ. ಎದುರುಬದುರು ಕೂರುವುದಕ್ಕೆ ಇನ್ನೊಬ್ಬನಿಗಿಂತ ಎರಡರಷ್ಟು ಹೊತ್ತು ತಗೊಂಡ. ಮುಖದ ಬೆವರಿನಲ್ಲಿ ಮಣ್ಣು ಮೆತ್ತಿಕೊಂಡಿತ್ತು. ನೆಲಕ್ಕೆ ಮುಷ್ಟಿಯೂರಿದರು. ಆ ಕ್ಷಣಕ್ಕೆ ನನ್ನೊಳಗಿನ ಲೆಕ್ಕಾಚಾರವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಹಾಕು, ಹಾಕು ಎಂದು ಕೂಗುತ್ತಿದ್ದವಳು ನಾನೇ. ಪಟ್ಟಿ ಪೈಲ್ವಾನ ಹಿಂದೆ ಸರಿದ, ಇನ್ನೂ ಸರಿದ, ಹಿಮ್ಮಡಿ ಗೆರೆಗೆ ತಾಗಿತು. ಅಲ್ಲಿ ಬಲಗಾಲೂರಿ, ಪೂರ್ತಿ ಭಾರ ಆ ಮಂಡಿಯ ಮೇಲೆ ಹಾಕಿ, ಆ ಚಿಕ್ಕವನನ್ನು ಎತ್ತಿ ತಿರುಗಿಸಿ ಕೆಡವಿದ.

ಎಂಟು ಗೆಲುವು. ಕೂಗಿದ ಬಾಯಿ ಮುಚ್ಚಿಕೊಂಡು ಹಾಗೇ ಮಷೀನಿನ ಮುಂದೆ ಕೂತೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಯಾರಿಗಾಗಿ ಎಂದು ಕೇಳಿದರೆ ಹೇಳಲಾರೆ.

ಟೀವಿಯಲ್ಲಿ ಇನ್ನೂ ಮುಗಿದಿರಲಿಲ್ಲ. ಪಟ್ಟಿ ಪೈಲ್ವಾನ ತನ್ನ ಜಾಗಕ್ಕೆ ಬಂದು ಗೆಲುವು ತಗೊಳ್ಳಲು ಕೂರಬೇಕಿತ್ತು. ಬಗ್ಗಿದ, ಅರ್ಧಕ್ಕೆ ನಿಂತ. ಮತ್ತೆ ಬಗ್ಗಿದ. ಕಾಲು ಒಪ್ಪಲಿಲ್ಲ. ರೆಫರಿ ಕಾದ. ಕೊನೆಗೆ ಅವನು ನಿಂತೇ ತಲೆಬಾಗಿದ, ರೆಫರಿ ಬೀಸಣಿಗೆ ಚಾಚಿದ. ಕಟ್ಟೆಯಿಂದ ಇಳಿಯಲು ಸೋತ ಆ ಚಿಕ್ಕವನೇ ಹೆಗಲು ಕೊಟ್ಟ.

ಅಪ್ಪ ನನ್ನ ಕಡೆ ತಿರುಗಿ ಕೇಳಿದ.

"ಅವರಲ್ಲಿ ಹೆಂಗೆ? ಕೂರ್ದೆ ನಿಂತ್ಕೊಂಡೇ ತಗೊಂಡ್ರೂ ಗೆಲುವು ಲೆಕ್ಕಕ್ಕುಂಟಾ?"

ಇಲ್ಲ ಎಂದರೆ ಸಾಕಿತ್ತು. ಮರುದಿನ ಕುಸ್ತಿಯಿಲ್ಲ, ತೆರೆಯ ಮೇಲೆ ಅಂಕಿ ಬರುವುದಿಲ್ಲ. ಮುಂದಿನ ಪಂದ್ಯಾವಳಿಗೆ ಎರಡು ತಿಂಗಳಿದೆ, ಅಷ್ಟರಲ್ಲಿ ಆಪರೇಷನ್ ಆಗಿ ಹೊಲಿಗೆ ಬಿಚ್ಚಿರುತ್ತಿತ್ತು. ಆ ಒಂದು ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ, ಆ ಐದನೇ ದಿನ ನೋಡಿದ ಹಾಗೆ.

"ಉಂಟಪ್ಪ. ಲೆಕ್ಕಕ್ಕುಂಟು. ಅವ್ನು ಗೆದ್ದ."

ಹೇಳಿದ ಮೇಲೆ ನನಗೆ ನನ್ನ ಮೇಲೇ ಸಿಟ್ಟು ಬಂತು. ಸತ್ಯ ಹೇಳಿ ಅಪ್ಪನನ್ನು ಕುಂಟನನ್ನಾಗಿ ಮಾಡಿದೆ ಎನಿಸಿತು. ಅಪ್ಪ ತಲೆಯಾಡಿಸಿದ. ಕುರ್ಚಿಯ ಎರಡೂ ಕೈ ಹಿಡಿದು ಏಳಲು ನೋಡಿ ಮತ್ತೆ ಕೂತ.

"ಅವರಲ್ಲಿ ಉಂಟು. ಪಂದ್ಯ ಕಟ್ಟಿದ್ದು ನಾನು ತಾನೆ? ಲೆಕ್ಕಾನೂ ನಮ್ಮ ಗರಡೀದೇ. ಅಲ್ಲಿ ಇಲ್ಲ. ಮಟ್ಟಿ ಮುಟ್ಟೋಕಾಗ್ದೆ ಇದ್ರೆ ನಮ್ಮ ಉಸ್ತಾದ್ರು ಕೈ ಎತ್ತಲ್ಲ. ಡಾಕ್ಟ್ರಿಗೆ ಫೋನ್ ಮಾಡು."

ಅಮ್ಮ ಸೌಟು ಕೆಳಗಿಟ್ಟಳು. ನಾನು ಫೋನ್ ತೆಗೆದುಕೊಂಡು ಡಾಕ್ಟರ ನಂಬರ್ ಹುಡುಕಿದೆ. ಅಪ್ಪ ಟೀವಿಯ ಕಡೆಯೇ ನೋಡುತ್ತಾ, ತನ್ನಷ್ಟಕ್ಕೆ ಹೇಳಿಕೊಳ್ಳುವವನ ಹಾಗೆ ಇನ್ನೊಂದು ಮಾತು ಹೇಳಿದ.

"ನಾನು ಮಟ್ಟಿ ಮುಟ್ಟಿ ವರ್ಷದ ಮೇಲಾಯ್ತು. ಗರಡಿ ಬಾಗಿಲ ತಂಕ ಹೋಗಿ ಬಗ್ಗೋಕಾಗ್ದೆ ವಾಪಸ್ ಬಂದೆ. ಆಮೇಲೆ ಹೋಗ್ಲೇ ಇಲ್ಲ."

ಪ್ರತಿ ಶನಿವಾರ ಗರಡಿಯಲ್ಲಿ ಹನುಮಂತನಿಗೆ ಪೂಜೆ, ಅಪ್ಪ ತಪ್ಪದೆ ಹೋಗುತ್ತಿದ್ದ. ಅಪ್ಪ ಹೋಗುವುದನ್ನು ನಿಲ್ಲಿಸಿದಾಗಿನಿಂದ, ಮಾರ್ಕೆಟ್ಟಿನಿಂದ ಬಂದು ಮಂಚದ ಮೇಲೆ ಕಾಲು ಚಾಚಿದರೆ, ಪೈಲ್ವಾನರಿಗೆ ಈಗ ದೇವರಿಗಿಂತ ನಿದ್ದೆ ದೊಡ್ಡದಾಗಿದೆ ಎಂದು ನಾನು ವಾರ ವಾರವೂ ಕಿಚಾಯಿಸುತ್ತಿದ್ದೆ. ಅವನು ಒಂದು ದಿನವೂ ತಿರುಗಿ ಮಾತಾಡಿರಲಿಲ್ಲ.