ಚಿಕ್ಕಯ್ಯ ಮುಗಿಸಿಕೊಟ್ಟ ಪದಬಂಧ

ಸ್ನೇಹಿತರೇ, ಇವತ್ತು ನನಗೆ ಸಾಕುಸಾಕಾಯಿತು.

ಬೆಳಿಗ್ಗೆ ಪೇಪರಿನ ಪದಬಂಧದಲ್ಲಿ ಮೂರು ಶಬ್ದ ಹೊಳೆಯಲೇ ಇಲ್ಲ. ಈ ವಾರ ಒಂದನ್ನಾದರೂ ಪೂರ್ತಿ ಬಿಡಿಸಬೇಕೆಂಬ ಆಸೆ. ಪಕ್ಕದ ಮನೆಯ ಚಿಕ್ಕಯ್ಯನ ಹತ್ತಿರ ಒಯ್ದೆ. ಅವರು ಸಿದ್ದಾಪುರದಲ್ಲಿ ಸರ್ಕಾರಿ ಗುಮಾಸ್ತರಾಗಿ, ಜೀವಮಾನವಿಡೀ ಜನರ ಅರ್ಜಿ ಪರಿಶೀಲಿಸಿ ನಿವೃತ್ತರಾದವರು. ಹಳೆಯ ಶಬ್ದಗಳೆಲ್ಲ ಗೊತ್ತು.

"ಪೇಪರು ಇಲ್ಲೇ ಇಟ್ಟಿಕ್ಕೆ ಹೋಗು ತಮಾ, ಆನು ಇವತ್ತೇ ಮುಗಿಸಿ ಕೊಡ್ತೆ" ಎಂದರು.

ಮಧ್ಯಾಹ್ನ ಹೋಗಿ ನೋಡಿದರೆ, ಖಾಲಿ ಚೌಕಗಳ ಮೇಲೆಲ್ಲ ಓರೆಗೆರೆ ಎಳೆದು, ಪಕ್ಕದಲ್ಲಿ "ಅನ್ವಯಿಸುವುದಿಲ್ಲ" ಎಂದು ಬರೆದಿದ್ದರು. ನಾನು ಅಕ್ಷರ ತಿದ್ದಿದ ಕಡೆಯೆಲ್ಲ ಅವರ ಗಿಡ್ಡ ಸಹಿ. ಕೆಳಗೆ ಪೂರ್ತಿ ಸಹಿ, ತಾರೀಖು.

"ಚಿಕ್ಕಯ್ಯಾ, ಆನು ಕೇಳಿದ್ದು ಉತ್ತರ!"

"ಉತ್ತರ ನಾಳೆ ಪೇಪರಲ್ಲೇ ಬತ್ತು. ಕಾಲಂ ಖಾಲಿ ಬಿಟ್ರೆ ಮಾತ್ರ ವಾಪಸ್ ಕಳಿಸ್ತ" ಎಂದರು, ಕನ್ನಡಕ ಒರೆಸುತ್ತ.

ಪೇಪರು ಮಡಚಿಕೊಂಡು ಬಂದೆ. ಇಷ್ಟು ವರ್ಷದಲ್ಲಿ ನಾನು ಅರ್ಧಕ್ಕೆ ಬಿಟ್ಟ ಪದಬಂಧಗಳು ಎಷ್ಟೋ. ಉತ್ತರ ಸಿಗದೆಯೇ ಒಂದು ವಿಲೇವಾರಿಯಾಗಿದ್ದು ಇದೇ ಮೊದಲು.