ಪಚ್ಚುವಿನ ಪೂರ್ವ ದಿಕ್ಕು

ಯುಗಾದಿಗೆ ತಂದ ಹೊಸ ಪಂಚಾಂಗವನ್ನು ಮೊನ್ನೆ ಸುಮ್ಮನೆ ತಿರುವುತ್ತಿದ್ದೆ. ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಎಂದು ಹೇಳುವ ಪುಟ ನಿಮ್ಮ ಮನೆಯ ಪಂಚಾಂಗದಲ್ಲೂ ಇದ್ದೀತು. ತಲೆಗೊಂದು ಫಲ, ಹೆಗಲಿಗೊಂದು, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಆದರೆ ಎರಡೂವರೆ ಅಡಿ ಉದ್ದದ, ಗಿಣಿಹಸಿರು ಬಣ್ಣದ, ಬೆನ್ನ ಮೇಲೆ ಗರಗಸವಿರುವ ಪ್ರಾಣಿ ಹೆಗಲ ಮೇಲೆ ಬಂದು ಕೂತರೆ ಏನು ಫಲವೆಂದು ಅದರಲ್ಲಿ ಬರೆದಿಲ್ಲ. ನನಗೆ ಅದು ಬೇಕಾಗಿತ್ತು. ನಾಲ್ಕು ವರ್ಷದ ಹಿಂದೆಯೇ ಬೇಕಾಗಿತ್ತು.

ಆಗ ಮಗನ ಮದುವೆಯಾಗಿ ಸೊಸೆ ವೈದೇಹಿ ಧಾರವಾಡದಿಂದ ಸವದತ್ತಿಯ ನಮ್ಮ ಮನೆಗೆ ಬಂದಳು. ಸೊಸೆಯ ಸಾಮಾನು ಅಂದರೆ ನನ್ನ ಲೆಕ್ಕದಲ್ಲಿ ಎರಡು ಟ್ರಂಕು, ಒಂದಿಷ್ಟು ಸ್ಟೀಲಿನ ಡಬ್ಬಿ. ಇವಳ ಜೊತೆ ತೂತು ಕೊರೆದ ಪ್ಲಾಸ್ಟಿಕ್ ಬುಟ್ಟಿಯೊಂದೂ ಇಳಿಯಿತು. ಒಳಗೆ ಪಚ್ಚು. ವಾಟರ್ ಡ್ರ್ಯಾಗನ್ ಅಂತೆ, ಓತಿಕ್ಯಾತದ ಜಾತಿ. ಮೂರು ವರ್ಷದಿಂದ ಸಾಕಿದ್ದಾಳಂತೆ, ಸರಕಾರದ ಕಾಗದಪತ್ರವೂ ಇದೆಯಂತೆ. ಮದುವೆಯ ಮಾತುಕತೆಯಲ್ಲೇ ಇದನ್ನು ಹೇಳಿದ್ದೆವೆಂದು ಮಗ ಆಣೆ ಮಾಡುತ್ತಾನೆ. ಹೇಳಿರಬೇಕು. ‘ಹುಡುಗಿ ಪ್ರಾಣಿ ಸಾಕ್ಯಾಳ’ ಎಂದದ್ದು ನೆನಪಿದೆ. ನಾನು ಮೊಲ ಅಂದುಕೊಂಡಿದ್ದೆ.

“ಅದಕ್ಕೊಂದು ಮನಿ ಬೇಕಲ್ರಿ ಅತ್ಯಾ,” ಎಂದಳು ವೈದೇಹಿ ನಾಲ್ಕನೇ ದಿನ. “ಬುಟ್ಟಿಯೊಳಗ ಭಾಳ ದಿನ ಇಡ್ಲಿಕ್ಕೆ ಬರೂದಿಲ್ಲ.”

ಎಂಥ ಮನೆ ಎಂದು ಕೇಳಿದೆ. ಆರಡಿ ಎತ್ತರ ಬೇಕಂತೆ, ಗಿಡ ಹತ್ತುವ ಪ್ರಾಣಿ. ಒಳಗೆ ಟೊಂಗೆ ಬೇಕು, ಮುಳುಗಿ ಕೂಡಲು ನೀರು ಬೇಕು, ಮೈ ಕಾಸಿಕೊಳ್ಳಲು ಮೇಲೊಂದು ಬಲ್ಬು ಬೇಕು. ಯಾವಾಗಲೂ ಹಸಿ ಇರಬೇಕು, ಆದರೆ ಬೂಸರು ಬರಬಾರದು.

“ನೀರಿನ ಪ್ರಾಣಿ ಅಂತೀ, ಗಿಡಾ ಬೇಕಂತೀ. ತಂಪು ಬೇಕಂತೀ, ಕಾವೂ ಬೇಕಂತೀ. ಅದಕ್ಕರ ಗೊತ್ತದನ ಏನು ಬೇಕಂತ?”

ಅವಳು ನಕ್ಕಳು. ನಾನು ನಗಿಸಲು ಹೇಳಿರಲಿಲ್ಲ, ನಿಜವಾಗಿ ತಲೆ ಕೆಟ್ಟಿತ್ತು.

ಊಟದ ಸಂಗತಿ ಬೇರೆ. ನಮ್ಮದು ಬೆಳ್ಳುಳ್ಳಿ ಕೂಡ ಒಳಗೆ ಬರದ ಮನೆ. ಅಲ್ಲಿಗೆ ಜೀವಂತ ಮಿಡತೆ, ಜಿರಳೆಗಳ ಡಬ್ಬಿ ಬಂತು. ಜಿರಳೆ ಕಂಡರೆ ಕಸಬರಿಗೆ ಹುಡುಕುತ್ತಿದ್ದ ನಾನು ಅವುಗಳ ಊಟಕ್ಕೆ ಗಜ್ಜರಿ ಹೆಚ್ಚುವ ಕಾಲ ಬಂತು. ಮೊದಲು ಮೂಗು ಮುಚ್ಚಿಕೊಂಡೇ ಹಾಕಿದೆ. ಆಮೇಲೆ, ತುರಿದು ಹಾಕಿದರೆ ಬೇಗ ತಿನ್ನುತ್ತವೆ ಎಂಬುದನ್ನು ನಾನೇ ಕಂಡುಹಿಡಿದೆ. ಇದನ್ನು ನಮ್ಮ ಓಣಿಯಲ್ಲಿ ಯಾರಿಗೂ ಹೇಳಬೇಡಿ.

ಮನೆ ಎಂಬ ಮಾತು ಕೇಳಿದೊಡನೆ ಕಿವಿ ನಿಮಿರಿದ್ದು ನಮ್ಮ ಮನೆಯವರದು. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಅವರ ಅಜ್ಜನ ಕಾಲದಿಂದಲೂ ಈ ಸುತ್ತಿನಲ್ಲಿ ಯಾರೇ ಮನೆ ಕಟ್ಟಲಿ, ವಾಸ್ತು ಕೇಳಲು ನಮ್ಮ ಕಟ್ಟೆಗೇ ಬರುತ್ತಾರೆ. ಮನೋಳಿಯಿಂದ ಬಡಿಗೇರ ಬಸಪ್ಪನನ್ನು ಕರೆಸಿದರು. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದು ದಿಕ್ಕು ಗುರುತಿಸಿದರು. ಈಶಾನ್ಯಕ್ಕೆ ನೀರಿನ ಪರಾತ. ಆಗ್ನೇಯಕ್ಕೆ ಬಲ್ಬು. ನೈರುತ್ಯದಲ್ಲಿ ಭಾರ ಇರಬೇಕೆಂದು ಒಡೆದ ಬೀಸುಕಲ್ಲಿನ ತುಂಡು. ಪೂರ್ವ ಮಾತ್ರ ಪೂರ್ತಿ ತೆರೆದಿರಬೇಕು, ಆದ್ದರಿಂದ ಆ ಕಡೆ ಬುಡದಿಂದ ತುದಿಯವರೆಗೆ ಗಾಜು.

“ಮಾಸ್ತರ್ರ, ಮನಶ್ಯಾರ ಮನೀಗೂ ಯಾರೂ ಇಷ್ಟ ನೋಡೂದಿಲ್ರಿ,” ಎಂದ ಬಸಪ್ಪ.

“ಮನುಷ್ಯಾರು ಬ್ಯಾಸರಾದ್ರ ಬಾಗಲಾ ತಗದು ಹೊರಗ ಹೋಗ್ತಾರೋ. ಇದಕ್ಕ ಅದ ಜಗತ್ತು,” ಎಂದರು ಇವರು.

ಈ ಮಾತು ಕೇಳಿ ನನಗೆ ಗಂಡನ ಮೇಲೆ ಅಭಿಮಾನವೇ ಬಂತು. ಬಾಗಿಲ ಹತ್ತಿರ ನಿಂತಿದ್ದ ವೈದೇಹಿ, “ಮುಂದಿನ ಬಾಜೂ...” ಎಂದು ಏನೋ ಶುರು ಮಾಡಿದಳು. “ಏನವಾ?” ಎಂದು ಇವರು ತಿರುಗಿದರು. “ಏನಿಲ್ರಿ, ಭಾಳ ಚೊಲೋ ಆಗ್ಲಿಕ್ಕತ್ತದ,” ಎಂದು ಒಳಗೆ ಹೋದಳು.

ಒಳ್ಳೆಯ ಮುಹೂರ್ತ ನೋಡಿ, ಟೆಂಗಿನಕಾಯಿ ಒಡೆದು ಪಚ್ಚುವನ್ನು ಒಳಗೆ ಬಿಟ್ಟೆವು. ಹಾಲು ಉಕ್ಕಿಸಬೇಕೆಂದೂ ಹೊರಟಿದ್ದರು, ನಾನು ತಡೆದೆ. ಎರಡು ದಿನ ಸುಮ್ಮನಿತ್ತು. ಮೂರನೇ ದಿನದಿಂದ ಪಡಸಾಲೆಯಲ್ಲಿ ಟಕ್, ಟಕ್ ಎಂಬ ಸದ್ದು. ಗಾಜಿನಾಚೆ ಅಂಗಳದ ದಾಸವಾಳದ ಗಿಡ ಕಾಣುತ್ತಿತ್ತು. ಪ್ರಾಣಿ ಓಡಿ ಬಂದು ಗಾಜಿಗೆ ಮೂತಿ ಬಡಿಯುತ್ತಿತ್ತು, ಹಿಂದೆ ಹೋಗಿ ಮತ್ತೆ ಓಡಿ ಬರುತ್ತಿತ್ತು.

“ಸೂರ್ಯನ ಕಡೆ ಎಳೀಲಿಕ್ಕತ್ತದ ನೋಡು. ಶುಭ ಅದ,” ಎಂದರು ಇವರು.

ವಾರದೊಳಗೆ ಮೂತಿಯ ಚರ್ಮ ಕಿತ್ತು ರಕ್ತ ಬಂತು. ಪಚ್ಚು ಊಟ ಬಿಟ್ಟಿತು. ಕರೆಸಿದ ದನದ ಡಾಕ್ಟರು ಮಾರು ದೂರದಿಂದ ನೋಡಿದರು. “ಅಕ್ಕಾರ, ನಾ ಆಕಳಾ, ಎಮ್ಮಿ ನೋಡಾವ. ಮುಲಾಮು ಕೊಡ್ತೇನಿ. ಆದ್ರ ಹಿಂಗ ಬಡಕೊಂಡ್ರ, ಉಪಾಸ ಕುಂತ್ರ, ಉಳಿಯೂದು ಕಠಿಣ ಐತಿ,” ಎಂದು ಹೋದರು.

ಮರುದಿನ ವೈದೇಹಿ ಹಿತ್ತಲಿನಲ್ಲಿ ಆ ಪ್ಲಾಸ್ಟಿಕ್ ಬುಟ್ಟಿ ತೊಳೆಯುತ್ತಿದ್ದಳು.

“ಅವ್ವಗ ಫೋನ್ ಮಾಡೇನ್ರಿ ಅತ್ಯಾ. ನಾಳೆ ಪಚ್ಚುನ್ನ ಧಾರವಾಡಕ್ಕ ಬಿಟ್ಟು ಬರ್ತೇನಿ. ಇಲ್ಲೆ ಅದಕ್ಕ ಹೊಂದೂದಿಲ್ಲ.”

ಸುಳ್ಳು ಯಾಕೆ ಹೇಳಲಿ, ಮೊದಲು ಹಗುರವಾಯಿತು. ಅರಿಸಿನ ಕುಂಕುಮಕ್ಕೆ ಬಂದವರು ಇನ್ನು ಕಿರುಚುವುದಿಲ್ಲ, ಜಿರಳೆಗಳ ಸೇವೆ ತಪ್ಪಿತು. ಆದರೆ ಅವಳ ಮುಖ ನೋಡಿದೆ. ಅಳುತ್ತಿರಲಿಲ್ಲ, ತೊಳೆದ ಬುಟ್ಟಿಯನ್ನೇ ಮತ್ತೆ ತೊಳೆಯುತ್ತಿದ್ದಳು. ಈ ಹುಡುಗಿಗೆ ಏನು ಅನ್ನಿಸುತ್ತಿದೆ ಎಂದು ನನಗೆ ಒಂದು ದಿನವೂ ತಿಳಿದಿರಲಿಲ್ಲ. ಅಂದೂ ತಿಳಿಯಲಿಲ್ಲ.

“ನಿಮ್ಮ ಮನ್ಯಾಗ ಹೆಂಗ ಆರಾಮಿತ್ತು? ಅಲ್ಲೇನು ಬ್ಯಾರೆ ಇತ್ತು?”

“ಅಲ್ಲೆ ಗಾಜಿಗೆ ಅರ್ಧ ಮಟಾ ಹಲಗಿ ಹೊಡದಿತ್ತ್ರಿ. ಅದಕ್ಕ ಗಾಜು ತಿಳಿಯೂದಿಲ್ಲ. ಹಾದಿ ಅದ ಅಂತ ಓಡ್ತದ.”

“ಇದು ನಿನಗ ಮೊದಲ ಗೊತ್ತಿತ್ತೇನು?”

“ಗೊತ್ತಿತ್ತ್ರಿ.”

“ಮತ್ತ ಯಾಕ ಹೇಳಲಿಲ್ಲ?”

ಅವಳು ಬುಟ್ಟಿಯ ತೂತುಗಳಲ್ಲಿ ಬೆರಳು ಆಡಿಸಿದಳು. “ಮಾವನೋರು ಅಷ್ಟು ಹೌಸಿಲೆ ಮಾಡಸ್ಲಿಕ್ಕತ್ತಿದ್ರು. ನಾ ಬಂದು ಎಂಟು ದಿನಾ ಆಗಿತ್ತು. ಪೂರ್ವ ಮುಚ್ಚರಿ ಅಂತ ಹೆಂಗ ಹೇಳ್ಲಿ?”

ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಯಾವುದು ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಮಗುವಿನಂತೆ ಸಾಕಿದ ಪ್ರಾಣಿಯ ಮೂತಿಯಲ್ಲಿ ರಕ್ತ ಬಂದರೂ ಬಾಯಿ ಬಿಡಲಾಗದ ಮನೆಯೇ ನಮ್ಮದು? ನಾನು ಅವಳನ್ನು ಒಂದು ದಿನವೂ ಗದರಿಸಿದ್ದಿಲ್ಲ. ಗದರಿಸದಿದ್ದರೆ ಸಾಕು ಅಂದುಕೊಂಡಿದ್ದೆ.

ಮೈದಾ ಹಿಟ್ಟಿನ ಅಂಟು ಕಾಸಿದೆ. ಪುಸ್ತಕಕ್ಕೆ ರಟ್ಟು ಹಾಕುವ ಖಾಕಿ ಕಾಗದ ಮನೆಯಲ್ಲಿತ್ತು. ಇಬ್ಬರೂ ಸೇರಿ ಗಾಜಿನ ಹೊರಗೆ ಸೊಂಟದೆತ್ತರಕ್ಕೆ ಅಂಟಿಸುತ್ತಿದ್ದಾಗಲೇ ಇವರು ಗುಡಿಯಿಂದ ಬಂದರು.

“ಪೂರ್ವ ಯಾರು ಮುಚ್ಚಿದ್ರಿ?”

ನನ್ನ ಹೆಸರು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ “ನಾನ್ರಿ,” ಎಂದಳು ವೈದೇಹಿ. “ಅದಕ್ಕ ಗಾಜು ತಿಳಿಯೂದಿಲ್ರಿ ಮಾವನೋರ. ಹಾದಿ ಅಂತ ತಿಳದು ಬಡಕೋತದ.”

ಇವರು ಗೂಡಿನ ಮುಂದೆ ಬಹಳ ಹೊತ್ತು ಕೂತರು. ಪಚ್ಚು ಟೊಂಗೆಯ ಮೇಲಿಂದ ಇವರನ್ನು ನೋಡಿತು, ಇವರು ಅದನ್ನು ನೋಡಿದರು. “ಕಾಣದ ಗ್ವಾಡಿ ಬಗ್ಗೆ ಶಾಸ್ತ್ರದಾಗ ಏನೂ ಹೇಳಿಲ್ಲ,” ಎಂದು ಎದ್ದು ಕೈಕಾಲು ತೊಳೆಯಲು ಹೋದರು. ಮೂರನೇ ದಿನ ಪಚ್ಚು ಒಂದು ಮಿಡತೆ ತಿಂದಿತು. ಬುಟ್ಟಿ ಅಟ್ಟಕ್ಕೆ ಹೋಯಿತು.

ಅಂದು ಸಂಜೆ ಚಪಾತಿ ಲಟ್ಟಿಸುತ್ತ ಕೇಳಿದೆ: “ಇನ್ನ ಏನೇನು ಹೇಳಿಲ್ಲ ನೀ?”

ವೈದೇಹಿ ಬಹಳ ವಿಚಾರ ಮಾಡಿದಳು. “ಹಚ್ಚಿದ ಅವಲಕ್ಕಿ ನನಗ ಸೇರೂದಿಲ್ರಿ.”

ಮೂರು ವಾರ ಪ್ರತಿ ಮುಂಜಾನೆ ಅವಳಿಗೆ ಅದನ್ನೇ ಕೊಟ್ಟಿದ್ದೆ. ಎರಡನೇ ಸಲ ನೀಡಿಸಿಕೊಂಡು ತಿನ್ನುತ್ತಾಳೆಂದು ನೆರೆಮನೆಯವರ ಮುಂದೆ ಹೊಗಳಿದ್ದೆ. ಅಂದು ಬಿಟ್ಟ ಬಾಯಿಯನ್ನು ಅವಳು ಈ ನಾಲ್ಕು ವರ್ಷದಲ್ಲಿ ಮುಚ್ಚಿಲ್ಲ. ನನ್ನ ಸಾರಿಗೆ ಹುಳಿ ಹೆಚ್ಚಂತೆ, ನಾನು ಫೋನಿನಲ್ಲಿ ಕೂಗುತ್ತೇನಂತೆ. ಕೆಲವು ದಿನ ಆ ಖಾಕಿ ಕಾಗದ ಅಂಟಿಸಲೇಬಾರದಿತ್ತು ಅನ್ನಿಸುತ್ತದೆ.

ಹೋದ ವಾರ ಅವಳು ನನ್ನನ್ನೇ ಹಿಡಿದಳು. “ಅತ್ಯಾ, ನೀವು ಏನೇನು ಹೇಳಿಲ್ಲ?”

ನಾನು ನಕ್ಕುಬಿಟ್ಟೆ. ನನ್ನದೇನಿದೆ ಹೇಳುವುದು? ಆದರೆ ಒಗ್ಗರಣೆ ಹಾಕುತ್ತಿದ್ದ ನನ್ನ ಬಾಯಿಂದ ತಾನಾಗಿ ಬಂತು: “ಈ ಒಲಿ ಪೂರ್ವಕ್ಕ ಇರೂದು ನನಗ ಸೇರೂದಿಲ್ಲ. ಮೂವತ್ನಾಲ್ಕು ವರ್ಷ ಆತು, ಗ್ವಾಡಿ ನೋಡಕೋತ ಅಡಗಿ ಮಾಡ್ಲಿಕ್ಕತ್ತೇನಿ. ಬೆನ್ನ ಹಿಂದ ಯಾರು ಬಂದ್ರು, ಯಾರು ಹೋದ್ರು, ಒಂದೂ ತಿಳಿಯೂದಿಲ್ಲ.”

ಅವಳು ನೆಟ್ಟಗೆ ಮಾವನ ಹತ್ತಿರ ಹೋಗಿ ಹೇಳಿಬಿಟ್ಟಳು. ಇವರು ಶಾಸ್ತ್ರ ತೆಗೆಯುತ್ತಾರೆ, ನಾನೂ ಬಿಡುವುದಿಲ್ಲ ಎಂದು ಸೆರಗು ಬಿಗಿದು ನಿಂತೆ. ಇವರು ಅಳತೆಯ ಟೇಪು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು.

“ಯಾ ಕಡೆ ತಿರಗಸೂಣು, ಹೇಳು.”

ಈ ಕಡೆ ಬೇಡ ಎಂಬುದು ಇಷ್ಟು ವರ್ಷ ಗೊತ್ತಿತ್ತು. ಯಾವ ಕಡೆ ಬೇಕು ಎಂದು ಒಂದು ಸಲವೂ ಯೋಚಿಸಿರಲಿಲ್ಲ. “ವಿಚಾರ ಮಾಡಿ ಹೇಳತೇನಿ,” ಎಂದೆ.

ಐದು ದಿನವಾಯಿತು. ಯಾರೂ ಇಲ್ಲದಾಗ ಅಡುಗೆಮನೆಯ ನಡುವೆ ನಿಂತು ಒಮ್ಮೆ ಉತ್ತರಕ್ಕೆ, ಒಮ್ಮೆ ಪಶ್ಚಿಮಕ್ಕೆ ತಿರುಗಿ ನೋಡುತ್ತೇನೆ. ಟೇಪು ಅಡುಗೆಯ ಕಟ್ಟೆಯ ಮೇಲೆಯೇ ಇದೆ. ಇವರು ಅದನ್ನು ಇನ್ನೂ ತೆಗೆದಿಟ್ಟಿಲ್ಲ.