ವಾಮದಪದವಿನಲ್ಲಿ ಕೂರಲು ಕಲಿತದ್ದು

ಬಂದ ಮೊದಲ ಬೆಳಿಗ್ಗೆಯೇ ಢಂ ಎಂದು ಸದ್ದಾಯಿತು. ನಾನು ಮಂಚದ ಕೆಳಗೆ! ರೈಫಲ್ ಸ್ಪರ್ಧೆಯ ಹುಚ್ಚು ಹಚ್ಚಿಕೊಂಡು ವಿಜಯಪುರದಿಂದ ಗಂಟುಮೂಟೆ ಕಟ್ಟಿ ಬಂದವಳ ಧೈರ್ಯ ಇಷ್ಟು. ಮನೆಯೊಡತಿ ಸುಂದರಿಯಕ್ಕ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎಂತ ಟೀಚರೇ, ಹೆದರಿದ್ರಾ? ಮಂಗ ಓಡಿಸ್ಲಿಕ್ಕೆ ಗರ್ನಾಲು ಹೊಡೆದದ್ದು ಮಾರಾಯ್ರೆ!"

ಗರ್ನಾಲು ಎಂದರೆ ದೊಡ್ಡ ಪಟಾಕಿ. ನಮ್ಮಲ್ಲಿ ಮದುವೆಗೆ ಪಟಾಕಿ ಹಾರಿಸಿದರೆ ಇಲ್ಲಿ ಮಂಗಕ್ಕೆ.

ನಾನು ವಾಮದಪದವು ಎಂಬ ಈ ಊರಿನ ಶಾಲೆಯಲ್ಲಿ ಪಿ.ಟಿ. ಟೀಚರ್. ಆದರೆ ಜೀವ ಇದ್ದದ್ದು ಮೂಡುಬಿದಿರೆ ಕಡೆಯ ರೈಫಲ್ ಕ್ಲಬ್ಬಿನಲ್ಲಿ. ಒಂದು ವರ್ಷದೊಳಗೆ ಜಿಲ್ಲಾ ತಂಡಕ್ಕೆ ಆಯ್ಕೆಯಾಗದಿದ್ದರೆ ಊರಿಗೆ ಮರಳುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ರೊಟ್ಟಿ ತಿಂದ ನಾಲಿಗೆಗೆ ಕುಚ್ಚಲಕ್ಕಿ ಗಂಜಿ ಒಗ್ಗಲು ಎರಡು ತಿಂಗಳು ಬೇಕಾಯಿತು. ಬಸ್ಸಿಡೀ ತುಳುವಿನಲ್ಲಿ ಹರಟುವಾಗ ಕಿಟಕಿಗೆ ಮುಖ ಮಾಡಿ ಅತ್ತದ್ದೂ ಉಂಟು. ನೋಡಿ, ಈ "ಉಂಟು" ನನ್ನ ಬಾಯಿಗೂ ಬಂದುಬಿಟ್ಟಿದೆ.

ಸ್ಪರ್ಧೆಯಲ್ಲಿ ಮೂರು ಭಂಗಿ. ಮಲಗಿ ಹೊಡೆಯುವುದರಲ್ಲಿ ಕ್ಲಬ್ಬಿನಲ್ಲಿ ನನ್ನನ್ನು ಮೀರಿಸುವವರಿಲ್ಲ, ಜಂಬವಲ್ಲ. ನಿಂತಾಗ ಮೊಣಕೈಯನ್ನು ಸೊಂಟಕ್ಕೆ ಊರಿ ನಿಭಾಯಿಸುತ್ತೇನೆ. ಮಂಡಿಯೂರಿದರೆ ಮಾತ್ರ ಕಥೆ ಮುಗಿಯಿತು. ಬಲ ಪಾದದ ಗಂಟಿನ ಕೆಳಗೆ ಪುಟ್ಟ ದಿಂಬಿಟ್ಟು, ಹಿಮ್ಮಡಿಯ ಮೇಲೆ ಕೂತು, ಎಡ ಮೊಣಕೈಯನ್ನು ಎಡಮಂಡಿಗೆ ಆನಿಸಬೇಕು. ಹತ್ತು ನಿಮಿಷದಲ್ಲಿ ಹೆಗಲು ನಡುಗಿ ಗುಂಡು ಬಲಕ್ಕೆ ಓಡುತ್ತಿತ್ತು.

ಆಯ್ಕೆಗೆ ತಿಂಗಳಿರುವಾಗ ಒಂದು ಭಾನುವಾರ ಜಗಲಿಯಲ್ಲಿ ಖಾಲಿ ಏರ್ ರೈಫಲ್ ಹಿಡಿದು, ಗೋಡೆಯ ಚುಕ್ಕೆಗೆ ಗುರಿಯಿಟ್ಟು ಒದ್ದಾಡುತ್ತಿದ್ದೆ. ಪಕ್ಕದಲ್ಲಿ ಸುಂದರಿಯಕ್ಕ ಮಡಿಲಲ್ಲಿ ತಡ್ಪೆ, ಅಂದರೆ ನಮ್ಮ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು.

"ಟೀಚರೇ, ನೀವು ಕೂತದ್ದೇ ಸರಿ ಇಲ್ಲ."

ನನಗೆ ಉರಿಯಿತು. "ನಿಮಗೇನ್ ಗೊತ್ರೀ ಅಕ್ಕಾ? ಇದು ಬೀಡಿ ಅಲ್ರೀ, ರೈಫಲ್!"

"ಕೋವಿ ನಂಗೆ ಗೊತ್ತಿಲ್ಲ. ಕೂತ್ಕೊಳ್ಳುವುದು ಗೊತ್ತುಂಟು. ಮೂವತ್ತು ವರ್ಷ ಆಯ್ತು ಕೂತು."

ಅವರು ಕಣ್ಣು ಮುಚ್ಚಿ ಕೈಗಳನ್ನು ಸಡಿಲ ಬಿಟ್ಟರು. ಕೈ ನೇರ ತಡ್ಪೆಯೊಳಗಿನ ಬೀಡಿ ಎಲೆಯ ಮೇಲೆ ಬಿತ್ತು. ಆಮೇಲೆ ತಡ್ಪೆಯನ್ನು ಬದಿಗೆ ಸರಿಸಿ, "ಈಗ ಕೈಯನ್ನು ಅಲ್ಲಿಗೆ ಎಳೆದ್ರೆ ಸಂಜೆಗೆ ಹೆಗಲು ನೋಯ್ತದೆ. ಕೈ ಎಳೀಬಾರ್ದು, ಇಡೀ ಮೈಯನ್ನೇ ತಿರುಗಿಸ್ಬೇಕು" ಎಂದು ಕೂತಲ್ಲೇ ತಿರುಗಿದರು.

ನಾನೂ ಕಣ್ಣು ಮುಚ್ಚಿ, ಮೈ ಸಡಿಲ ಬಿಟ್ಟು, ಕಣ್ಣು ತೆರೆದೆ. ನಳಿಕೆ ಚುಕ್ಕೆಯಿಂದ ಒಂದು ಗೇಣು ಬಲಕ್ಕಿತ್ತು! ವರ್ಷವಿಡೀ ಅದನ್ನು ತೋಳಿನಿಂದ ಎಡಕ್ಕೆ ಜಗ್ಗುತ್ತಿದ್ದೆ. ಕ್ಲಬ್ಬಿನ ಕೋಚ್ ನೂರು ಸಲ ಹೇಳಿದ್ದೂ ಇದನ್ನೇ, ತಲೆಗೆ ಹೋಗಿರಲಿಲ್ಲ. ದಿಂಬಿನ ಸಮೇತ ತಿರುಗಿ ಕೂತೆ. ನಳಿಕೆ ತಾನಾಗಿ ಚುಕ್ಕೆಯ ಮೇಲೆ ಬಂದು ನಿಂತಿತು.

"ತಪ್ಪಾತ್ರೀ ಅಕ್ಕಾ" ಎಂದೆ.

"ಎಂತ ತಪ್ಪು? ಬನ್ನಿ, ಚಾ ಕುಡಿಯುವ."

ಆಯ್ಕೆಯ ದಿನ ಮಂಡಿಯೂರಿದ ಸುತ್ತೇ ನನ್ನನ್ನು ಉಳಿಸಿತು. ತಂಡದಲ್ಲಿ ಕೊನೆಯ ಸ್ಥಾನ ನನಗೆ ಸಿಕ್ಕಿತು. ಕೂಡಲೇ ಅಪ್ಪನಿಗೆ ಫೋನ್ ಮಾಡಿದೆ.

"ಯಾವ ಜಿಲ್ಲಾದ ತಂಡಾ ಅವ್ವಾ?" ಅಪ್ಪ ಕೇಳಿದರು.

"ದಕ್ಷಿಣ ಕನ್ನಡ, ಅಪ್ಪಾ."

"ಹಂಗಾದ್ರ ಮನಿಗೆ ಬರಂಗಿಲ್ಲ ನೀ" ಎಂದರು. ಆಮೇಲೆ, "ಇರ್ಲಿ, ರೊಟ್ಟಿ ಕಳಸ್ತೀನಿ."

ಗೆದ್ದವಳು ಮನೆಗೆ ಬಂದು ಜಗಲಿಯಲ್ಲಿ ಕೂತು ಅತ್ತೆ. ನಾಲ್ಕನೇ ದಿನ ಬಸ್ಸಿನಲ್ಲಿ ಕಡಕ್ ರೊಟ್ಟಿಯ ಕಟ್ಟು ಬಂತು. ಸುಂದರಿಯಕ್ಕನ ಹಲ್ಲಿಗೆ ಅದು ಬಗ್ಗಲಿಲ್ಲ. ಮುರಿದು ಗಂಜಿಯಲ್ಲಿ ನೆನೆಸಿ ತಿಂದು, "ಲಾಯ್ಕುಂಟು" ಎಂದರು. ನಾನೂ ಹಾಗೆಯೇ ನೆನೆಸಿಕೊಂಡು ತಿಂದೆ.